ಒಂದು ಡಬ್ಬಿ ಗೋಲಿ, ಒಂದಷ್ಟು ಅಡಿಕೆ ಹಾಳೆ

ಗೋಲಿ ಡಬ್ಬಿ ಹೊರಗೆ ತೆಗೆದಾಗ ನಾನು ಮೊದಲು ಮಾಡುವುದು ಎಣಿಸುವ ಕೆಲಸ. ಎಷ್ಟು ಕೊಟ್ಟೆನೋ ಅಷ್ಟೂ ಸಂಜೆ ವಾಪಸ್ ಬರಬೇಕು. ಮೂರು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಸುಮಾರು 16 ಮಿಲಿಮೀಟರ್ ಅಗಲದ ಗಾಜಿನ ಗುಂಡು ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟಿಹೋಗುತ್ತದೆ. ಹಾಗಾಗಿ ಮನೆಯಲ್ಲಿ ಪುಟ್ಟ ಮಗು ಇದ್ದ ದಿನ ಗೋಲಿ ಅಂಗಳದಲ್ಲಿ ಮಾತ್ರ, ಒಳಗೆ ಬೇಡವೇ ಬೇಡ. ಪುಟ್ಟವರಿಗೂ ಬೇಸರ ಆಗಬಾರದಲ್ವಾ? ಅವರಿಗೆ ಉರುಳಿಸಿ ಆಡಲು ದಪ್ಪ ನಿಂಬೆಹಣ್ಣು ಕೊಡುತ್ತೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ಊರು. ಬೇಸಿಗೆ ರಜೆ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿಯಿಂದ ನೆಂಟರ ಮಕ್ಕಳು ಬರುತ್ತಾರೆ. ಅಕ್ಕಪಕ್ಕದ ಮನೆಯವರೂ ಸೇರುತ್ತಾರೆ. ಐದು ವರ್ಷದವರಿಂದ ಹದಿಮೂರರವರೆಗೆ ಎಲ್ಲ ವಯಸ್ಸಿನವರು. ಇವರೆಲ್ಲರನ್ನೂ ಒಟ್ಟಿಗೆ ಹಿಡಿದು ಕೂರಿಸುವ ವಸ್ತು ಅಂತ ನಾನು ಕಂಡಿದ್ದು ಗೋಲಿಯನ್ನೇ. ಆದರೆ ದೊಡ್ಡವರು ಎಲ್ಲ ಸಿದ್ಧ ಮಾಡಿ ಕೊಟ್ಟರೆ ಮಕ್ಕಳು ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಗುಂಡಿ ತೋಡುವುದು, ದಾರಿ ಕಟ್ಟುವುದು, ನಿಯಮ ಮಾಡುವುದು ಎಲ್ಲ ಅವರ ಕೈಯಲ್ಲೇ ಇದ್ದರೆ ಊಟಕ್ಕೆ ಕರೆದರೂ ಏಳುವುದಿಲ್ಲ.

ಮೊದಲು ಗುಂಡಿ ಆಟ. ಗಟ್ಟಿ ನೆಲದಲ್ಲಿ ಒಂದೇ ಸಾಲಿಗೆ ಮೂರು ಸಣ್ಣ ಗುಂಡಿ, ಒಂದರಿಂದ ಒಂದಕ್ಕೆ ನಾಲ್ಕೈದು ಅಡಿ. ಗೆರೆಯಿಂದ ಹೊಡೆದು ಒಂದೊಂದೇ ಗುಂಡಿಗೆ ಗೋಲಿ ಬೀಳಿಸುತ್ತಾ ಹೋಗಿ, ಹಾಗೇ ಹಿಂದಕ್ಕೆ ಬರಬೇಕು. ನಡುವೆ ಬೇರೆಯವರ ಗೋಲಿಗೆ ಹೊಡೆದು ದೂರ ಓಡಿಸಬಹುದು. ಆಟಕ್ಕಿಂತ ಮೊದಲು ಕಲಿಸಬೇಕಾದ್ದು ಹೊಡೆಯುವುದನ್ನು. ಎಡಗೈ ಹೆಬ್ಬೆರಳನ್ನು ನೆಲಕ್ಕೆ ಊರಬೇಕು. ಅದೇ ಕೈಯ ನಡುಬೆರಳ ತುದಿಗೆ ಗೋಲಿ ಒತ್ತಿ, ಬಲಗೈಯಿಂದ ಆ ಬೆರಳನ್ನು ಬಿಲ್ಲಿನ ಹೆದೆಯಂತೆ ಹಿಂದಕ್ಕೆ ಎಳೆದು ಬಿಡಬೇಕು. ಪೇಟೆ ಮಕ್ಕಳಿಗೆ ಮೊದಲ ದಿನ ಗೋಲಿ ಕಾಲ ಹತ್ತಿರವೇ ಬೀಳುತ್ತದೆ. ಬೆರಳು ಬಳಕುವುದು ಅಭ್ಯಾಸವಾದ ಮೇಲೆ ಗುರಿ ತಾನಾಗಿ ಬರುತ್ತದೆ.

ದೊಡ್ಡ ಮಕ್ಕಳಿಗೆ ನಾನು ಇಂಗ್ಲೆಂಡಿನ ಆಟವನ್ನೂ ಹೇಳಿಕೊಟ್ಟೆ. ಅಲ್ಲಿ ಸಸೆಕ್ಸ್‌ನ ಟಿನ್ಸ್‌ಲಿ ಗ್ರೀನ್ ಎಂಬ ಊರಲ್ಲಿ 1932ರಿಂದ ಗುಡ್ ಫ್ರೈಡೆ ಹೊತ್ತಿಗೆ ಗೋಲಿ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಆರು ಅಡಿ ಅಗಲದ ವೃತ್ತ, ಅದರ ನಡುವೆ 49 ಗೋಲಿ. ದೊಡ್ಡ ಗೋಲಿಯಿಂದ ಹೊಡೆದು ಚಿಕ್ಕವನ್ನು ಗೆರೆಯಾಚೆ ದಾಟಿಸಬೇಕು, ಮೊದಲು 25 ದಾಟಿಸಿದ ತಂಡ ಗೆದ್ದಂತೆ. ಅವರು ಬೆರಳ ಗೆಣ್ಣು ನೆಲಕ್ಕೆ ತಾಗಿಸಿ ಹೆಬ್ಬೆರಳಲ್ಲಿ ಚಿಮ್ಮುತ್ತಾರೆ. ನಮ್ಮ ಮಕ್ಕಳು ಎರಡೂ ಬಗೆಯಲ್ಲಿ ಹೊಡೆದು ನೋಡಿದರು. ದೂರದ ಗುರಿಗೆ ನಮ್ಮ ಬಗೆಯೇ ವಾಸಿ ಅಂದರು. ನನಗೂ ಹಾಗೇ ಅನಿಸುತ್ತದೆ.

ಗೆದ್ದ ಗೋಲಿ ಯಾರದು ಎಂಬುದನ್ನು ಆಟದ ಮೊದಲೇ ತೀರ್ಮಾನಿಸಿಬಿಡಿ. ನಮ್ಮಲ್ಲಿ ಗೆದ್ದವರು ಇಷ್ಟವಾದ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಡಬ್ಬಿಗೆ ಹಾಕಬೇಕು. ಸೋತವರ ಗೆಣ್ಣಿಗೆ ಗೋಲಿಯಿಂದ ಹೊಡೆಯುವ ಹಳೆಯ ಶಿಕ್ಷೆಯನ್ನು ನಾನು ಬಿಡಿಸಿದ್ದೇನೆ. ನೋವು ಕೊಟ್ಟು ಆಡುವ ಆಟ ಯಾಕೆ ಬೇಕು?

ಇನ್ನು ಗೋಲಿ ದಾರಿ, ಅಂದರೆ ಗೋಲಿ ಉರುಳುತ್ತಾ ಇಳಿದು ಹೋಗುವ ದಾರಿ. ರಜೆಯ ಹೆಚ್ಚಿನ ಹೊತ್ತು ಹೋಗುವುದು ಇದರಲ್ಲೇ. ಅಂಗಡಿಯಲ್ಲಿ ಇದಕ್ಕೆ ಪ್ಲಾಸ್ಟಿಕ್ ಸೆಟ್ ಸಿಗುತ್ತದೆ. ನಮಗೆ ಅದು ಬೇಕಿಲ್ಲ, ತೋಟದಲ್ಲಿ ಅಡಿಕೆ ಹಾಳೆ ಬಿದ್ದಿರುತ್ತದಲ್ಲ. ಹಾಳೆಯನ್ನು ಉದ್ದಕ್ಕೆ ನಾಲ್ಕು ಬೆರಳಗಲ ಕತ್ತರಿಸಿ ನೀರಲ್ಲಿ ನೆನೆಸುತ್ತೇವೆ. ಮೆತ್ತಗಾದ ಮೇಲೆ ಕೋಲಿಗೆ ಸುತ್ತುವರಿಸಿ ದಾರ ಕಟ್ಟಿ ಬಿಸಿಲಿಗೆ ಇಡುತ್ತೇವೆ. ಒಣಗಿದಾಗ ಅದೇ ಆಕಾರದಲ್ಲಿ ಗಟ್ಟಿಯಾಗಿ ಒಳ್ಳೆ ದೋಣಿ, ಅಂದರೆ ಗೋಲಿ ಹರಿಯುವ ಕಾಲುವೆ, ಆಗುತ್ತದೆ. ಮೊದಲೆಲ್ಲ ಇಲ್ಲಿ ಅಡಿಕೆ ಮರ ಸೀಳಿ ದಂಬೆ ಮಾಡಿ ಹಳ್ಳದ ನೀರನ್ನು ಮನೆಗೆ ತರುತ್ತಿದ್ದರು. ಮಕ್ಕಳು ಕಟ್ಟುವುದೂ ಅದನ್ನೇ, ನೀರಿನ ಬದಲು ಗೋಲಿ ಹರಿಯುತ್ತದೆ, ಅಷ್ಟೇ. ಪೇಟೆಯಲ್ಲಿ ಇರುವವರು ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆ ಸೀಳಿಕೊಳ್ಳಬಹುದು.

ದೋಣಿಗಳನ್ನು ಜಗಲಿ ಕಂಬಕ್ಕೆ, ಕುರ್ಚಿಗೆ, ಕಿಟಕಿ ಸರಳಿಗೆ ಕಟ್ಟುತ್ತಾ ಕೆಳಗಿಳಿಸಬೇಕು. ಮಕ್ಕಳು ಮೊದಲು ಕಡಿದಾಗಿ ಇಳಿಸುತ್ತಾರೆ. ಗೋಲಿ ತಿರುವಿನಲ್ಲಿ ಹಾರಿ ಹೊರಗೆ ಬೀಳುತ್ತದೆ. ಆಗ ಸುಮ್ನೆ ಇರುವುದು ಕಷ್ಟ, ಆದರೂ ಸುಮ್ನಿರಬೇಕು. ಸ್ವಲ್ಪ ಹೊತ್ತಿಗೆ ಅವರೇ ಇಳಿಜಾರು ಕಮ್ಮಿ ಮಾಡುತ್ತಾರೆ, ಇಲ್ಲವೇ ತಿರುವಿನ ಹೊರ ಅಂಚು ಎತ್ತರಿಸುತ್ತಾರೆ. ಬಸ್ಸು ಹೋಗುವ ಘಾಟಿ ರಸ್ತೆಯ ತಿರುವೂ ಹೊರಬದಿ ಎತ್ತರವೇ ಇರುತ್ತದೆ ಅಂತ ನಾನು ಹೇಳುವುದು ಅವರು ಕಂಡುಕೊಂಡ ಮೇಲೆ.

ನಮ್ಮ ದಾರಿಯ ಚೆಂದವೆಲ್ಲ ತೆಂಗಿನ ಗೆರಟೆಯಲ್ಲಿದೆ. ಮೂರು ಕಣ್ಣಿರುವ ಅರ್ಧವನ್ನು ಆರಿಸಿ, ಮೆತ್ತನೆಯ ಕಣ್ಣನ್ನು ಗೋಲಿ ಹಿಡಿಸುವಷ್ಟು ದೊಡ್ಡದು ಮಾಡಬೇಕು. ಇದು ದೊಡ್ಡವರ ಕೆಲಸ, ಚೂಪಾದ ಅರ ಬೇಕು. ದೋಣಿಯಿಂದ ಗೋಲಿ ಗೆರಟೆಯ ಅಂಚಿಗೆ ಬಂದರೆ ಗರಗರ ಸುತ್ತಿ, ವೇಗ ಕಳೆದುಕೊಂಡು, ಕಣ್ಣಿನಿಂದ ಕೆಳಗಿನ ದೋಣಿಗೆ ಬೀಳುತ್ತದೆ. ಐದು ವರ್ಷದವರು ಇದನ್ನು ಎಷ್ಟು ಸಲ ನೋಡಿದರೂ ಮತ್ತೆ ಮತ್ತೆ ಗೋಲಿ ಹಾಕುತ್ತಾರೆ.

ದೊಡ್ಡ ಮಕ್ಕಳಿಗೆ ಗೆಜ್ಜೆ ದಾರಿ. ಎಂಟಡಿ ಉದ್ದದ ನೇರ ದೋಣಿಯ ಒಂದು ತುದಿಯನ್ನು ಎರಡೇ ಇಂಚು ಎತ್ತಿ. ಗೋಲಿ ನಿಧಾನಕ್ಕೆ ಹೊರಡುತ್ತದೆ. ಬಿಟ್ಟ ಕ್ಷಣದಿಂದ ಒಂದೇ ಲಯದಲ್ಲಿ ಚಪ್ಪಾಳೆ ಹಾಕಿ, ಪ್ರತಿ ಚಪ್ಪಾಳೆಗೆ ಗೋಲಿ ಎಲ್ಲಿತ್ತೋ ಅಲ್ಲಿ ಗುರುತು ಮಾಡಿ. ಮೊದಲ ಚಪ್ಪಾಳೆಗೆ ಅದು ಅರ್ಧ ಅಡಿ ಹೋಗಿದ್ದರೆ ಮುಂದಿನದಕ್ಕೆ ಅದರ ಮೂರು ಪಟ್ಟು, ಆಮೇಲೆ ಐದು ಪಟ್ಟು, ಆಮೇಲೆ ಏಳು ಪಟ್ಟು. ಗೆಲಿಲಿಯೋ 400 ವರ್ಷಗಳ ಹಿಂದೆ ಇಟಲಿಯಲ್ಲಿ ಮರದ ತೊಲೆಗೆ ಸಣ್ಣ ಕಾಲುವೆ ಕೊರೆದು, ಕಂಚಿನ ಗುಂಡು ಉರುಳಿಸಿ, ಅಷ್ಟರಲ್ಲಿ ಸುರಿದ ನೀರು ತೂಗಿ ಹೊತ್ತು ಅಳೆದು ತೋರಿಸಿದ ಲೆಕ್ಕ ಇದೇ. ನಾವು ಆ ಗುರುತುಗಳಲ್ಲಿ ದೋಣಿಯ ಮೇಲೆ ಒಂದೊಂದು ಗೆಜ್ಜೆ ಇಳಿಬಿಟ್ಟೆವು, ಗೋಲಿ ಸ್ವಲ್ಪವೇ ತಾಗುವ ಹಾಗೆ. ಗೆಜ್ಜೆಗಳ ನಡುವಿನ ದೂರ ಹೆಚ್ಚುತ್ತಾ ಹೋಗುತ್ತದೆ, ಸದ್ದು ಮಾತ್ರ ಸಮನಾಗಿ ಬರುತ್ತದೆ. ಸಂಗೀತ ಕಲಿಯುವ ಹುಡುಗಿಯೊಬ್ಬಳು ತಾಳ ಹಾಕುತ್ತಾ ಕೂತಿದ್ದಳು. ಲೆಕ್ಕ ಒಪ್ಪಿದಾಗ ಅವಳ ಮುಖ ನೋಡಬೇಕಿತ್ತು!

ಇನ್ನೊಂದು ಚಿಕ್ಕ ಆಟ. ಎರಡು ಸ್ಕೇಲಿನ ನಡುವೆ ಐದು ಗೋಲಿ ಒತ್ತಾಗಿ ಜೋಡಿಸಿ, ಇನ್ನೊಂದರಿಂದ ಹೊಡೆಯಿರಿ. ಆಚೆ ತುದಿಯಿಂದ ಒಂದೇ ಹೊರಡುತ್ತದೆ. ಜೋಡಿಯಾಗಿ ಎರಡರಿಂದ ಹೊಡೆದರೆ ಎರಡು. ಮುಂದೇನಾಗುತ್ತದೆ ಎಂದು ಮಕ್ಕಳು ಮೊದಲೇ ಹೇಳಬೇಕು, ಆಮೇಲೆ ಹೊಡೆಯಬೇಕು.

ಚಿತ್ರಕ್ಕೆ ಸ್ವೀಟ್ ಡಬ್ಬಿಯ ಮುಚ್ಚಳ ಸಾಕು. ಒಳಗೆ ಕಾಗದ ಇಟ್ಟು, ಬಣ್ಣದಲ್ಲಿ ಅದ್ದಿದ ಗೋಲಿ ಹಾಕಿ, ಮುಚ್ಚಳವನ್ನು ಅತ್ತಿತ್ತ ಓಲಾಡಿಸಿದರೆ ಗೆರೆಗಳು ಮೂಡುತ್ತವೆ. ಪೋಸ್ಟರ್ ಕಲರ್‌ಗಿಂತ ನನಗೆ ಅರಿಶಿನವೇ ಇಷ್ಟ. ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ. ಬಟ್ಟೆ ಸೋಪಿನ ನೀರಲ್ಲಿ ಅದ್ದಿದ ಗೋಲಿಯನ್ನು ಅದರ ಮೇಲೆ ಉರುಳಿಸಿ. ಹಳದಿಯ ಮೇಲೆ ಕೆಂಪು ದಾರಿ ಮೂಡುತ್ತದೆ. ಆಮೇಲೆ ನಿಂಬೆರಸದ ಗೋಲಿ ಓಡಿಸಿದರೆ, ಅದು ದಾಟಿದ ಕಡೆ ಕೆಂಪು ಅಳಿಸಿ ಮತ್ತೆ ಹಳದಿ. ಹಳೆಯ ಬಟ್ಟೆ ಹಾಕಿಸಿ ಕೂರಿಸಿ, ಅರಿಶಿನದ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಗೋಲಿ ಎಂದ ಮೇಲೆ ಗೋಲಿ ಸೋಡಾದ ಮಾತು ಬಂದೇ ಬರುತ್ತದೆ. ಆ ಬಾಟಲಿಗೆ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ. ಒಳಗಿನ ಗ್ಯಾಸು ಗೋಲಿಯನ್ನು ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಪೇಟೆಯಲ್ಲಿ ಒಂದು ಬಾಟಲಿ ತೆಗೆಸಿ ಇದನ್ನು ತೋರಿಸಿದರೆ ಮಕ್ಕಳು ಸೋಡಾ ಕುಡಿಯುವುದನ್ನೇ ಮರೆತು ಕುತ್ತಿಗೆ ನೋಡುತ್ತಾರೆ.

ಕೊನೆಗೆ ಮಣ್ಣಿನ ಗೋಲಿ. ನಾವು ಜರಡಿ ಹಿಡಿದ ನುಣುಪು ಮಣ್ಣನ್ನು ಚೆನ್ನಾಗಿ ನಾದಿ, ಅಂಗೈಯಲ್ಲಿ ಉಂಡೆ ಕಟ್ಟುತ್ತೇವೆ. ನೇರ ಬಿಸಿಲಿಗೆ ಇಟ್ಟರೆ ಹೊರಗೆ ಬೇಗ ಒಣಗಿ ಬಿರುಕು ಬಿಡುತ್ತದೆ. ಅದಕ್ಕೇ ಕೆಲವು ದಿನ ನೆರಳಲ್ಲಿ ಒಣಗಿಸಿ, ಆಮೇಲೆ ಬಚ್ಚಲ ಒಲೆಯ ಕೆಂಡದಲ್ಲಿ ಸುಡುತ್ತೇನೆ. ಇವು ಪೂರ್ತಿ ದುಂಡಗೆ ಇರುವುದಿಲ್ಲ, ಗುರಿಗೆ ಬರುವುದಿಲ್ಲ. ಮಳೆ ಹಿಡಿದ ಮೇಲೆ ಚೆನ್ನೆಮಣೆ (ಅಳಗುಳಿ ಮಣೆ) ಆಟಕ್ಕೆ ಬರುತ್ತವೆ. 14 ಗುಳಿ, ಗುಳಿಗೆ ನಾಲ್ಕು, ಒಟ್ಟು 56 ಬೇಕು. ಸುಡುವಾಗ ಕೆಲವು ಒಡೆಯುತ್ತವೆ, ಹಾಗಾಗಿ ಈ ಸಲ ಒಂದಷ್ಟು ಜಾಸ್ತಿಯೇ ಕಟ್ಟಲು ಹೇಳಿದ್ದೇನೆ.