ಹಣ್ಣಿನ ಘಮದ ಸೆಂಟು: ಮೊದಲ ಹದಿನೈದು ನಿಮಿಷ ನಂಬಬೇಡಿ

ಸೆಂಟಿನ ಅಂಗಡಿಯಲ್ಲಿ ಈ ದೃಶ್ಯ ಎಷ್ಟು ಸಲ ನೋಡಿದ್ದೇನೋ. ಟೆಸ್ಟರ್ ಬಾಟಲಿ ಎತ್ತಿ ಮಣಿಕಟ್ಟಿಗೆ ಹೊಡೆಯುತ್ತಾರೆ. ಎರಡೂ ಕೈ ಗಸಗಸ ಉಜ್ಜುತ್ತಾರೆ. ಮೂಗಿಗೆ ಹಿಡಿದು, 'ಆಹಾ, ಸೇಬು!' ಅನ್ನುತ್ತಾರೆ. ಮುಂದಿನ ನಿಮಿಷ ಬಿಲ್. ನನ್ನ ನಾದಿನಿ ಹೀಗೇ ಒಂದು ಬಾಟಲಿ ತಂದಳು. ಮನೆ ತಲುಪುವಷ್ಟರಲ್ಲಿ ಸೇಬು ಮಾಯ. ಉಳಿದದ್ದು ಅವಳಿಗೆ ತಲೆನೋವು ತರುವ ಸಿಹಿ ವೆನಿಲಾ. ಆ ಬಾಟಲಿ ಇವತ್ತಿಗೂ ಬೀರುವಿನಲ್ಲಿ ಹಾಗೇ ಇದೆ.

ಹಗುರವಾದ ಹಣ್ಣಿನ ಸೆಂಟು ಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಹಾಗಾಗಿ ಕ್ರಮವಾಗಿ ನೋಡೋಣ.

1. ಮೊದಲು ಕಾಗದ. ಅಂಗಡಿಯವರು ಕೊಡುವ ಕಾಗದದ ಪಟ್ಟಿಗೆ ಒಂದು ಸಲ ಹೊಡೆದು, ಅರ್ಧ ನಿಮಿಷ ಬಿಟ್ಟು ಮೂಸಿ. ಒಂದು ದಿನಕ್ಕೆ ಮೂರು ಸೆಂಟು ಸಾಕು. ನಡುವೆ ಮೂಸಲು ಕಾಫಿ ಬೀಜದ ಬಟ್ಟಲು ಕೊಡುತ್ತಾರೆ. ಅದು ಬೇಡ. ಕಾಫಿಯೂ ಇನ್ನೊಂದು ಗಾಢ ವಾಸನೆಯೇ ಅಲ್ವಾ? ಹೊರಗೆ ಬಂದು ನಾಲ್ಕು ಉಸಿರು ಗಾಳಿ ತೆಗೆದುಕೊಳ್ಳಿ.

2. ಆಮೇಲೆ ಚರ್ಮ. ಕಾಗದದಲ್ಲಿ ಗೆದ್ದ ಒಂದನ್ನು ಮಾತ್ರ ಮುಂಗೈ ಒಳಬದಿಗೆ ಹೊಡೆದುಕೊಳ್ಳಿ. ಉಜ್ಜಬೇಡಿ. ತಾನಾಗಿ ಒಣಗಲಿ. ಅವತ್ತು ಕೈಗೆ ವಾಸನೆಯ ಕ್ರೀಮು, ಕೊಬ್ಬರಿ ಎಣ್ಣೆ ಇರಬಾರದು.

3. ಕಾಯಿರಿ. ಬಹಳ ಜನ ಬಿಟ್ಟುಬಿಡುವುದು ಇದನ್ನೇ.

ಸೇಬು, ಪೇರ್, ಪೀಚ್ ಹಣ್ಣನ್ನು ಮಲ್ಲಿಗೆ, ಗಂಧದ ಹಾಗೆ ಎಣ್ಣೆ ತೆಗೆದು ಬಾಟಲಿಗೆ ತುಂಬಲು ಆಗುವುದಿಲ್ಲ. ಅವುಗಳ ಘಮವನ್ನು ಲ್ಯಾಬಿನಲ್ಲಿ ಕಟ್ಟುತ್ತಾರೆ. ನಿಂಬೆ, ಕಿತ್ತಳೆ, ಅದೇ ಜಾತಿಯ ಬರ್ಗಮಾಟ್ ಹಣ್ಣು ಬೇರೆ ಥರ. ಅವುಗಳ ಸಿಪ್ಪೆಯಲ್ಲೇ ಎಣ್ಣೆ ಇದೆ, ಹಿಂಡಿ ತೆಗೆಯಬಹುದು. ಆದರೆ ನಿಂಬೆಯ ಘಮ, ಸೇಬಿನ ಘಮ ಎರಡರ ಅಣುಗಳೂ ಹಗುರ, ಬೇಗ ಆರಿಹೋಗುತ್ತವೆ. ಪೀಚ್ ಮಾತ್ರ ಗಟ್ಟಿ. ಅದರ ಘಮ ಕೊಡುವ ಲ್ಯಾಕ್ಟೋನ್ ಎಂಬ ರಾಸಾಯನಿಕ ಗಂಟೆಗಟ್ಟಲೆ ನಿಲ್ಲುತ್ತದೆ. 1919ರಲ್ಲಿ ಬಂದ ಗೆರ್ಲಾನ್ ಕಂಪನಿಯ ಮಿತ್ಸೂಕೋ ಸೆಂಟಿನ ಪೀಚ್ ಅದರದ್ದೇ.

ಇಟಲಿಯ ಫ್ಯಾಷನ್ ಕಂಪನಿ ಡೋಲ್ಚೆ ಆ್ಯಂಡ್ ಗಬ್ಬಾನಾ 2001ರಲ್ಲಿ ತಂದ ಲೈಟ್ ಬ್ಲೂ ಸೆಂಟು ನೋಡಿ. ಹೊಡೆದ ತಕ್ಷಣ ಸಿಸಿಲಿಯ ನಿಂಬೆ, ಹಸಿರು ಸೇಬು. ಹದಿನೈದು ನಿಮಿಷ ಕಳೆದರೆ ನಿಂಬೆ ಇಳಿಯುತ್ತದೆ, ಹೂವಿನ ಘಮ ಏಳುತ್ತದೆ. ಎರಡು ಗಂಟೆಗೆ ಸೀಡರ್ ಮರ, ಮಸ್ಕ್ ಅಂದರೆ ಕಸ್ತೂರಿಯಂಥ ಘಮ. ನೀವು ದಿನವಿಡೀ ಹೊತ್ತು ತಿರುಗುವುದು ಆ ಮರವನ್ನು, ಸೇಬನ್ನಲ್ಲ. ಮರ ಇಷ್ಟವಾಗದಿದ್ದರೆ ಸೇಬು ಎಷ್ಟು ಚೆನ್ನಾಗಿದ್ದರೂ ಕೊಳ್ಳಬೇಡಿ.

ಹಾಗಾಗಿ ಹೊಡೆದುಕೊಂಡ ಮೇಲೆ ಅಂಗಡಿಯಿಂದ ಹೊರಡಿ. ಎ.ಸಿ.ಯಲ್ಲಿ ತಣ್ಣಗಿದ್ದ ಘಮ ಬಿಸಿಲಿಗೆ ಬಂದರೆ ಬೇರೆಯೇ ಆಗುತ್ತದೆ. ಬಸ್ಸಿನಲ್ಲಿ ಓಡಾಡಿ, ಸ್ವಲ್ಪ ಬೆವರಿ. ಹದಿನೈದು ನಿಮಿಷಕ್ಕೆ, ಒಂದು ಗಂಟೆಗೆ, ಮೂರು ಗಂಟೆಗೆ ಮೂಸಿ, ಅನಿಸಿದ್ದನ್ನು ಫೋನಿನಲ್ಲಿ ಬರೆದಿಡಿ. 'ಚೆನ್ನಾಗಿದೆ' ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಹಣ್ಣು ಯಾವ ಥರದ್ದು? ಈಗ ತಾನೇ ಹೆಚ್ಚಿದ್ದಾ, ಜ್ಯಾಮಿನದ್ದಾ, ಪೆಪ್ಪರಮೆಂಟಿನದ್ದಾ? ಮೂರು ಗಂಟೆಗೆ ಶಾಂಪೂ ವಾಸನೆ ಬರುತ್ತಿದೆಯಾ? ಅದನ್ನು ಬರೆಯಿರಿ.

'ನನಗೆ ಒಂದು ಗಂಟೆಯೂ ನಿಲ್ಲೋಲ್ಲ' ಅನ್ನುವವರು ಮನೆಯವರನ್ನು ಒಮ್ಮೆ ಕೇಳಿ. ಒಂದೇ ವಾಸನೆಗೆ ನಮ್ಮ ಮೂಗು ಬೇಗ ಒಗ್ಗಿಬಿಡುತ್ತದೆ. ಕೆಲವರಿಗೆ ಕೆಲವು ಮಸ್ಕ್‌ಗಳು ಮೂಗಿಗೆ ಹತ್ತುವುದೇ ಇಲ್ಲ. ನಿಮಗೆ ಗೊತ್ತಾಗದ ಸೆಂಟು ಪಕ್ಕದವರಿಗೆ ಚೆನ್ನಾಗಿ ಗೊತ್ತಾಗುತ್ತಿರುತ್ತದೆ. ಗೊತ್ತಿಲ್ಲದೆ ಮತ್ತೆ ಮತ್ತೆ ಹೊಡೆದುಕೊಂಡರೆ ಲಿಫ್ಟಿನಲ್ಲಿ ಜೊತೆಗಿರುವವರಿಗೆ ಕಷ್ಟ.

ಅಂಗಡಿಗೆ ಎರಡು ಸಲ ಹೋಗಲು ಆಗದವರು 2 ಮಿ.ಲೀ. ಸ್ಯಾಂಪಲ್ ತರಿಸಿಕೊಳ್ಳಿ. ಇದೊಂದೇ ನಾನು ಒಪ್ಪುವ ಅಡ್ಡದಾರಿ. 'ಫಸ್ಟ್ ಕಾಪಿ' ಎಂಬ ನಕಲಿ ಸೆಂಟು ಮಾತ್ರ ಮುಟ್ಟಬೇಡಿ. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲದ ದ್ರವವನ್ನು ಕುತ್ತಿಗೆಗೆ ಯಾಕೆ ಹಾಕಿಕೊಳ್ಳಬೇಕು? ಸೆಂಟು ಬೇಡವೆಂದು ಕಿತ್ತಳೆ ಎಣ್ಣೆ, ನಿಂಬೆ ಎಣ್ಣೆಯನ್ನು ನೇರ ಚರ್ಮಕ್ಕೆ ಹಚ್ಚುವವರೂ ಇದ್ದಾರೆ. ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

4. ಹಾಕಿಕೊಳ್ಳುವುದು. ಸ್ನಾನವಾದ ಮೇಲೆ, ವಾಸನೆಯಿಲ್ಲದ ಕ್ರೀಮು ತೆಳ್ಳಗೆ ಹಚ್ಚಿ, ಅದರ ಮೇಲೆ. ಒಣ ಚರ್ಮದಲ್ಲಿ ಸೆಂಟು ನಿಲ್ಲುವುದಿಲ್ಲ. ಬಾಟಲಿಯ ಮೇಲೆ ಓ ದ ತ್ವಾಲೆತ್ (EDT) ಎಂದಿದ್ದರೆ ನಾಲ್ಕು ಸಲ, ಓ ದ ಪರ್ಫ್ಯೂಮ್ (EDP) ಎಂದಿದ್ದರೆ ಎರಡೇ ಸಲ ಹೊಡೆಯಿರಿ. ಎರಡನೆಯದರಲ್ಲಿ ಘಮದ ಅಂಶ ಜಾಸ್ತಿ. ಕತ್ತಿನ ಹಿಂಭಾಗ, ಮೊಣಕೈ ಮಡಿಕೆ ಒಳ್ಳೆಯ ಜಾಗ. ಹತ್ತಿ ಬಟ್ಟೆಯ ಮೇಲೂ ಸರಿ. ರೇಷ್ಮೆ ಸೀರೆಗೆ ಬೇಡವೇ ಬೇಡ, ಕಲೆ ಹೋಗುವುದಿಲ್ಲ. ಮಲ್ಲಿಗೆ ಮುಡಿದ ದಿನ ಹಣ್ಣಿನ ಸೆಂಟು ಹಾಕಿಕೊಳ್ಳಬೇಡಿ. ಒಂದು ಇನ್ನೊಂದನ್ನು ಕೆಡಿಸುತ್ತದೆ, ನಾನಾದರೆ ಮಲ್ಲಿಗೆಯನ್ನೇ ಉಳಿಸಿಕೊಳ್ಳುತ್ತೇನೆ.

5. ಇಡುವುದು. ಡಬ್ಬದಲ್ಲೇ, ಕತ್ತಲಲ್ಲಿ. ಬಚ್ಚಲುಮನೆ, ಕಿಟಕಿ, ಕಾರಿನ ಡ್ಯಾಶ್‌ಬೋರ್ಡ್ ಬೇಡ. ಸೆಖೆ, ಬೆಳಕಿಗೆ ಮೊದಲು ಕೆಡುವುದು ನಿಂಬೆಯ ಘಮವೇ. ಹೊಡೆದ ತಕ್ಷಣ ಟರ್ಪೆಂಟೈನ್ ವಾಸನೆ ಬಂದರೆ ಆ ಬಾಟಲಿ ಕೆಟ್ಟಿದೆ, ಮೈಗೆ ಹಾಕಿಕೊಳ್ಳಬೇಡಿ.