ಧೂಳು ಯಾವುದು, ಅಕ್ಷತೆ ಯಾವುದು: ಮೂಕಿ ಚಿತ್ರವೊಂದನ್ನು ಸರಿಪಡಿಸಿದ ನನ್ನ ಅನುಭವ

ಬೆಂಗಳೂರಿನ ಒಂದು ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೋದಲ್ಲಿ ಹಳೆಯ ಚಿತ್ರಗಳನ್ನು ಫ್ರೇಮು ಫ್ರೇಮಾಗಿ ಸರಿಪಡಿಸುವುದು ನನ್ನ ಕೆಲಸ. ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ಅರವತ್ತು, ಎಪ್ಪತ್ತರ ದಶಕದ ಚಿತ್ರಗಳು. ಈ ಸಲ ಬಂದದ್ದು 1920ರ ದಶಕದ ಯುರೋಪಿನ ಒಂದು ಮೂಕಿ. ಕೆಲಸದ ಬಗ್ಗೆ ಬರೆಯುವುದಾದರೆ ಚಿತ್ರದ ಹೆಸರು ಹೇಳುವಂತಿಲ್ಲ ಎಂದು ಒಪ್ಪಂದದಲ್ಲಿದೆ. ಹೆಸರಿಲ್ಲದೆಯೂ ಹೇಳುವುದು ಬೇಕಾದಷ್ಟಿದೆ.

ರೀಲು ನಮ್ಮ ಕೈಗೆ ಬರಲಿಲ್ಲ. ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಒಮ್ಮೆ ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ಅದೇ ಒದಗಿಸಿಕೊಳ್ಳುತ್ತದೆ, ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಹಾಗಾಗಿ ರೀಲು ಇದ್ದ ಕಡೆಯೇ 4ಕೆ ಸ್ಕ್ಯಾನ್ ಮಾಡಿ ಹಾರ್ಡ್ ಡಿಸ್ಕಿನಲ್ಲಿ ಕಳಿಸಿದ್ದರು. ಎರಡು ಮೂಲಗಳಿದ್ದವು. ಒಂದು ಬಣ್ಣ ಹಾಕಿದ ನೈಟ್ರೇಟ್ ಪ್ರಿಂಟು, ಅಲ್ಲಲ್ಲಿ ಕೊಳೆತು ಹೋದದ್ದು. ಇನ್ನೊಂದು ಟಾಕಿ, ಅಂದರೆ ಮಾತಿನ ಚಿತ್ರ, ಬಂದ ಮೇಲೆ ತೆಗೆದ ಕಪ್ಪು ಬಿಳುಪಿನ ಡ್ಯೂಪ್ ನೆಗೆಟಿವ್, ಅಂದರೆ ನಕಲು ನೆಗೆಟಿವ್. ಎರಡನೆಯದು ಸ್ವಚ್ಛವಾಗಿತ್ತು, ಆದರೆ ಪ್ರತಿ ಫ್ರೇಮಿನ ಎಡಭಾಗ ಕತ್ತರಿಸಿ ಹೋಗಿತ್ತು. ಧ್ವನಿಪಟ್ಟಿಗೆ ಜಾಗ ಬಿಡುವ ಮೆಷಿನ್ನಿನಲ್ಲಿ ಮೂಕಿಯನ್ನು ಪ್ರಿಂಟ್ ಮಾಡಿದರೆ ಹೀಗೇ ಆಗುತ್ತದೆ. ಬಾಗಿಲ ಬಳಿ ನಿಂತು ಕದ್ದು ಕೇಳುವ ಹೆಂಗಸು ಆ ಪ್ರತಿಯಲ್ಲಿ ಬರೀ ಒಂದು ಭುಜ. ಹಾಗಾಗಿ ಸಾಧ್ಯವಾದಲ್ಲೆಲ್ಲ ಕೊಳೆತ ಪ್ರಿಂಟನ್ನೇ ಹಿಡಿದು, ಅದು ಕೈಕೊಟ್ಟ ಕಡೆ ಮಾತ್ರ ನೆಗೆಟಿವ್‌ನಿಂದ ತುಂಬಿದೆವು.

ಧೂಳು ತೆಗೆಯುವ ಸಾಫ್ಟ್‌ವೇರ್ ಪ್ರತಿ ಫ್ರೇಮನ್ನೂ ಅದರ ಹಿಂದಿನ, ಮುಂದಿನ ಫ್ರೇಮಿನ ಜೊತೆ ಹೋಲಿಸುತ್ತದೆ. ಒಂದರಲ್ಲಿ ಮಾತ್ರ ಇದ್ದು ಅಕ್ಕಪಕ್ಕದಲ್ಲಿ ಇಲ್ಲದ ಚುಕ್ಕೆ ಅದರ ಲೆಕ್ಕದಲ್ಲಿ ಧೂಳು, ಅದನ್ನು ಅಳಿಸಿ ಆ ಜಾಗವನ್ನು ಪಕ್ಕದ ಫ್ರೇಮಿನಿಂದ ತುಂಬುತ್ತದೆ. ಚಿತ್ರದಲ್ಲಿ ಮದುವೆಯ ದೃಶ್ಯವೊಂದಿದೆ. ಚರ್ಚಿನ ಮೆಟ್ಟಿಲ ಮೇಲೆ ನವದಂಪತಿ, ಸುತ್ತ ನಿಂತವರು ಅಕ್ಕಿ ಎರಚುತ್ತಾರೆ. ಮೊದಲ ಪರೀಕ್ಷೆಯ ಪ್ರತಿಯನ್ನು ಪರದೆಯ ಮೇಲೆ ಹಾಕಿದಾಗ ಎಲ್ಲರ ಕೈ ಮೇಲೇಳುತ್ತಿತ್ತು, ಗಾಳಿಯಲ್ಲಿ ಏನೂ ಇರಲಿಲ್ಲ. ವಧು ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾಳೆ, ಯಾತಕ್ಕೆ ಎಂದೇ ತಿಳಿಯುವುದಿಲ್ಲ. ಅಕ್ಷತೆ ಬೀಳದ ಮದುವೆ! ಆ ಇಡೀ ದೃಶ್ಯಕ್ಕೆ ಸಾಫ್ಟ್‌ವೇರ್ ನಿಲ್ಲಿಸಿ ಕೈಯಿಂದಲೇ ಮಾಡಿದೆ. ಅಕ್ಕಿಯ ಕಾಳು ಚಲಿಸುವ ದಿಕ್ಕಿಗೆ ಸ್ವಲ್ಪ ಉದ್ದವಾಗಿ ಮಸುಕಾಗಿರುತ್ತದೆ, ಬೆಳಕು ಬೀಳುವ ಬದಿ ಹೊಳೆಯುತ್ತದೆ. ಧೂಳಿನ ಅಂಚು ಮೊನಚು, ದೃಶ್ಯದ ಬೆಳಕಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಇದು ಒಮ್ಮೆ ಕಣ್ಣಿಗೆ ಹತ್ತಿದರೆ ಮಳೆ, ಕಿಡಿ, ಕಾರಂಜಿಯ ಹನಿ ಎಲ್ಲವನ್ನೂ ಉಳಿಸಿಕೊಳ್ಳಬಹುದು.

ಉದ್ದ ಗೀರುಗಳ ಕಷ್ಟ ಬೇರೆ. ಅವು ಸಾಲಾಗಿ ಎಷ್ಟೋ ಫ್ರೇಮುಗಳಲ್ಲಿ ಅದೇ ಜಾಗದಲ್ಲಿ ಇರುವುದರಿಂದ ಪಕ್ಕದ ಫ್ರೇಮಿನಿಂದ ಎರವಲು ತರಲು ಏನೂ ಇರುವುದಿಲ್ಲ, ಬಣ್ಣ ಬಳಿದೇ ಮುಚ್ಚಬೇಕು. ನಟಿಯ ಕೆನ್ನೆಯ ಮೇಲೆ ಹಾದುಹೋದ ತೆಳು ಗೀರುಗಳನ್ನು ನಾನು ಹಾಗೇ ಬಿಟ್ಟಿದ್ದೇನೆ. ಅದನ್ನು ಮುಚ್ಚಹೊರಟರೆ ಆ ಕೆನ್ನೆ ನಾನು ಬರೆದ ಕೆನ್ನೆಯಾಗುತ್ತದೆ. ಗ್ರೇನ್, ಅಂದರೆ ಫಿಲ್ಮಿನದೇ ಸಣ್ಣ ಕಣಗಳ ತರಿ, ಅದನ್ನಂತೂ ಮುಟ್ಟಲೇ ಇಲ್ಲ. ಅದನ್ನು ಒರೆಸಿ ಮೇಣದ ಗೊಂಬೆಯಂಥ ಮುಖಗಳನ್ನು ಬಿಡುಗಡೆ ಮಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ತುಂಬ ವಾದ ನಡೆದದ್ದು ವೇಗದ ಬಗ್ಗೆ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮು ಎನ್ನುವುದು ಬಾಯಿಮಾತು, ನಿಯಮವಲ್ಲ. ಟಾಕಿ ಬಂದ ಮೇಲೆ 24 ಎಂದು ಗಟ್ಟಿಯಾಯಿತು. 35 ಎಂಎಂ ಫಿಲ್ಮಿನ ಒಂದು ಅಡಿಗೆ 16 ಫ್ರೇಮಿನಂತೆ ಸಾವಿರ ಅಡಿಯ ರೀಲು 18ರ ವೇಗದಲ್ಲಿ ಸುಮಾರು 15 ನಿಮಿಷ ಓಡುತ್ತದೆ, 24ರಲ್ಲಿ 11 ನಿಮಿಷಕ್ಕೆ ಮುಗಿದುಬಿಡುತ್ತದೆ. ಮೂಕಿ ಎಂದರೆ ಕುಪ್ಪಳಿಸಿ ನಡೆಯುವವರು ಎಂದು ನಾವೆಲ್ಲ ನಂಬಿಕೊಂಡಿರುವುದಕ್ಕೆ ಈ ನಾಲ್ಕು ನಿಮಿಷವೇ ಕಾರಣ. ನಾನು ನಟರನ್ನು ನೋಡಲಿಲ್ಲ, ಅವರು ಬೇಕೆಂದೇ ನಿಧಾನವಾಗಿ ನಡೆದಿರಬಹುದು. ನಲ್ಲಿಯಿಂದ ಬೀಳುವ ನೀರು, ಗಾಳಿಗೆ ಅಲುಗುವ ಪರದೆ, ಹಿಂದೆ ಹಾದುಹೋಗುವ ಕುದುರೆಗಾಡಿ ಇವನ್ನು ನೋಡಿ ದೃಶ್ಯದಿಂದ ದೃಶ್ಯಕ್ಕೆ ವೇಗ ಅಂದಾಜು ಮಾಡಿದೆ. ಕೊನೆಗೆ ಇಡೀ ಚಿತ್ರಕ್ಕೆ 18 ಎಂದು ನಿಂತಿತು. ಇಂದಿನ ಥಿಯೇಟರುಗಳ ರೂಢಿ 24 ಆದ್ದರಿಂದ ಪ್ರತಿ ಮೂರನೆಯ ಫ್ರೇಮನ್ನು ಎರಡು ಸಲ ತೋರಿಸಬೇಕು. ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಸಣ್ಣ ತಡವರಿಕೆ ಕಾಣುತ್ತದೆ. ನಡುವೆ ಕೃತಕ ಫ್ರೇಮು ಹುಟ್ಟಿಸಿ ನುಣುಪು ಮಾಡಬಹುದಿತ್ತು, ಬೇಡವೆಂದೆ.

ಬಣ್ಣದ ಮಾತು ಚಿಕ್ಕದು. ಅಂದಿನ ಫಿಲ್ಮಿಗೆ ರಾತ್ರಿ ಹಿಡಿಯುವ ಶಕ್ತಿ ಕಡಿಮೆ, ಹಗಲಲ್ಲೇ ಚಿತ್ರಿಸಿ ಪ್ರಿಂಟನ್ನು ನೀಲಿಯಲ್ಲಿ ಅದ್ದುತ್ತಿದ್ದರು. ಡ್ಯೂಪ್ ನೆಗೆಟಿವ್‌ನಲ್ಲಿ ಒಬ್ಬ ನಡುಮಧ್ಯಾಹ್ನ ಲಾಟೀನು ಹಿಡಿದು ತಡಕಾಡುತ್ತಾನೆ. ನೈಟ್ರೇಟ್ ಪ್ರಿಂಟಿನ ನೀಲಿಯನ್ನು ಅಳೆದು ಅದಕ್ಕೆ ಹಾಕಿದ ಮೇಲೆ ರಾತ್ರಿಯಾಯಿತು.

ಮರುಬಿಡುಗಡೆಯ ಭಾಗವಾಗಿ ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಪಿಟೀಲು, ಮೃದಂಗದೊಂದಿಗೆ ಪ್ರದರ್ಶನ ಇಟ್ಟುಕೊಂಡೆವು. ಮೂಲದ ಬರಹದ ಕಾರ್ಡುಗಳನ್ನು ಹಾಗೇ ಉಳಿಸಿ ಕೆಳಗೆ ಕನ್ನಡ ಹಾಕಿದೆವು. ಪಿಟೀಲು ನುಡಿಸುವವರಿಗೆ ತಯಾರಿಗೆಂದು ಮೊದಲು 24ರಲ್ಲಿ ಓಡುವ ಕಚ್ಚಾ ಪ್ರತಿ ಹೋಗಿತ್ತು. ಹೊಸದನ್ನು ನೋಡಿದವರೇ ಫೋನ್ ಮಾಡಿದರು: "ಸರ್, ಆ ಹುಡುಗಿ ಮೆಟ್ಟಿಲು ಇಳಿಯೋದು ನೋಡಿ. ಅದ್ರಲ್ಲಿ ಓಡಿ ಬರ್ತಿದ್ಲು, ಇದ್ರಲ್ಲಿ ಯೋಚನೆ ಮಾಡ್ಕೊಂಡು ಇಳೀತಾಳೆ. ನಾನು ಕದನಕುತೂಹಲ ಅಂದ್ಕೊಂಡಿದ್ದೆ, ಈಗ ಅದು ಬೇಡ." ಲವಲವಿಕೆಯ ಆ ರಾಗ ಬಿಟ್ಟು ಅಲ್ಲಿ ಅವರು ಕರುಣರಸದ ಶುಭಪಂತುವರಾಳಿ ನುಡಿಸಿದರು.

ಇಷ್ಟೆಲ್ಲ ಮಾಡುವಾಗ ನಮ್ಮ ಊರಿನ ಮೂಕಿಗಳ ನೆನಪು ಬಿಡಲಿಲ್ಲ. ಮೃಚ್ಛಕಟಿಕವನ್ನು ಆಧರಿಸಿ ಮೋಹನ್ ಭವನಾನಿ ತೆಗೆದ 'ವಸಂತಸೇನಾ'ದಲ್ಲಿ ಕೈಲಾಸಂ ಇದ್ದರು, ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು. ಕೈಲಾಸಂ ಹೇಗೆ ನಡೆಯುತ್ತಿದ್ದರು, ಕತ್ತು ಹೇಗೆ ತಿರುಗಿಸುತ್ತಿದ್ದರು ಎಂಬುದು ಆ ರೀಲುಗಳಲ್ಲಿತ್ತು. ಅದು ಈಗಿಲ್ಲ. 1934ರ ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ'ದ ಪ್ರಿಂಟೂ ಇಲ್ಲ. ಸರಿಪಡಿಸುವ ಕೈಗಳು ಈ ಊರಲ್ಲಿವೆ, ಸರಿಪಡಿಸಲು ರೀಲಿಲ್ಲ.

ಹಾಗಾಗಿ ಮಲ್ಲೇಶ್ವರ, ಚಾಮರಾಜಪೇಟೆಯ ಹಳೆ ಮನೆಗಳ ಅಟ್ಟ ಖಾಲಿ ಮಾಡುವವರಲ್ಲಿ ಒಂದು ಕೇಳಿಕೆ. ತುಕ್ಕು ಹಿಡಿದ ಚಪ್ಪಟೆ ಡಬ್ಬಿ ಸಿಕ್ಕರೆ ಗುಜರಿಗೆ ಹಾಕಬೇಡಿ. ಅಂಟಿಕೊಂಡ ಸುರುಳಿಯನ್ನು ಬಿಡಿಸಲು, ಪ್ರೊಜೆಕ್ಟರಿಗೆ ಹಾಕಿ ನೋಡಲು ಹೋಗಬೇಡಿ, ಬಿಸಿಲು ಬೆಂಕಿಯ ಹತ್ತಿರ ಇಡಬೇಡಿ. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮು, ಕೆಡಲು ಶುರುವಾಗಿದೆ ಎಂದರ್ಥ. ಕಂದು ಪುಡಿಯಾಗಿ ಉದುರುತ್ತಿದ್ದರೆ ನೈಟ್ರೇಟ್ ಇರಬಹುದು, ಮನೆಯೊಳಗೆ ಇಟ್ಟುಕೊಳ್ಳಬಾರದು. ಡಬ್ಬಿಯ ಮೇಲಿನ ಬರಹದ ಫೋಟೋ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಕಳಿಸಿ, ಮುಂದೇನು ಮಾಡಬೇಕೆಂದು ಅವರನ್ನೇ ಕೇಳಿ.