ಮಾತ್ರೆಗಿಂತ ಮೊದಲು ರಕ್ತ ಪರೀಕ್ಷೆ: ಹಾಸನದಲ್ಲಿದ್ದುಕೊಂಡು ಹಾರ್ಮೋನ್ ಚಿಕಿತ್ಸೆ ಶುರು ಮಾಡಿದ ನನ್ನ ಅನುಭವ

ನಾನು ಟ್ರಾನ್ಸ್ ಹೆಣ್ಣು, ಅಂದರೆ ಹುಟ್ಟಿದಾಗ ಗಂಡು ಅಂದರು, ಆದರೆ ನಾನು ಹೆಣ್ಣು. 2023ರ ಮಳೆಗಾಲದಲ್ಲಿ ಹಾರ್ಮೋನ್ ಚಿಕಿತ್ಸೆ ಶುರು ಮಾಡಿದೆ. ಆಮೇಲೆ ಅರಸೀಕೆರೆ, ಸಕಲೇಶಪುರ, ಬೇಲೂರು ಕಡೆಯ ಹುಡುಗಿಯರು ಫೋನ್ ಮಾಡಿ ಮೊದಲು ಕೇಳುವುದು ಒಂದೇ ಮಾತು: "ಅಕ್ಕಾ, ಯಾವ ಮಾತ್ರೆ ತಗೋಬೇಕು?" ನಾನು ತಿರುಗಿ ಕೇಳುತ್ತೇನೆ, "ರಕ್ತ ಪರೀಕ್ಷೆ ಮಾಡಿಸಿದೀಯೇನೇ?" ಆ ಕಡೆ ಸುಮ್ಮನಾಗಿಬಿಡುತ್ತಾರೆ. ಅವರಿಗೆಲ್ಲ ಒಂದೇ ಕಡೆ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮವರಲ್ಲಿ ಗರ್ಭನಿರೋಧಕ ಮಾತ್ರೆ ನುಂಗುವ ಅಭ್ಯಾಸ ಹಳೆಯದು. ನನಗೂ ಮೊದಲು ಸಿಕ್ಕ ಸಲಹೆ ಅದೇ. ಬೆಲೆ ಕಡಿಮೆ, ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳುವುದೂ ಅಪರೂಪ. ಹಾಗೆ ಹೇಳಿದ ಹಿರಿಯಕ್ಕನ ಮೇಲೆ ನನಗೆ ಕೋಪವಿಲ್ಲ. ಅವರ ಕಾಲದಲ್ಲಿ ಯಾವ ಡಾಕ್ಟರ್ ಅವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಿದ್ದರು? ಆದರೆ ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಎಸ್ಟ್ರಡಿಯಾಲ್ ಅನ್ನುವ ಕೃತಕ ಹೆಣ್ಣು ಹಾರ್ಮೋನ್. ಅದರಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಬೀಡಿ, ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. ಕಾಲಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ನಾಲ್ಕೈದು ಮಾತ್ರೆ ಒಟ್ಟಿಗೆ ನುಂಗಿದರೆ ಎದೆ ಬೇಗ ಬರುತ್ತದೆ ಅನ್ನುವುದು ಸುಳ್ಳು. ಅಪಾಯ ಮಾತ್ರ ಬೇಗ ಬರುತ್ತದೆ.

ನಾನು ಮೊದಲು ಹೋಗಿದ್ದು ಮನೋವೈದ್ಯರ ಹತ್ತಿರ. ಒಬ್ಬರು, "ಒಂದು ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತೆ" ಅಂತ ಅಮ್ಮನಿಗೆ ಹೇಳಿ ಕಳಿಸಿದರು. ಅಮ್ಮ ಆ ಮಾತನ್ನೇ ಹಿಡಿದುಕೊಂಡು ಎಷ್ಟೋ ದಿನ ಅತ್ತರು. ನಿಮಗೂ ಯಾರಾದರೂ ಹಾಗೆ ಹೇಳಿದರೆ ಎದ್ದು ಬನ್ನಿ. ನಮ್ಮಂಥವರನ್ನು "ಬದಲಾಯಿಸುತ್ತೇನೆ" ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಕಾಯಿಲೆಗಳ ಹೊಸ ಪಟ್ಟಿಯಲ್ಲಿ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದುಹಾಕಿದೆ. ಎರಡನೆಯವರು ಮಾತ್ರ ಸಮಾಧಾನದಿಂದ ಕೇಳಿದರು. ಚಿಕ್ಕಂದಿನಿಂದ ಹೇಗಿದ್ದೆ, ಮನೆಯಲ್ಲಿ ಯಾರಿಗೆ ಗೊತ್ತು, ಮಾತ್ರೆಯಿಂದ ಏನು ನಿರೀಕ್ಷೆ ಇಟ್ಟುಕೊಂಡಿದ್ದೀಯ, ಎಲ್ಲ ಕೇಳಿ, ಹಾರ್ಮೋನ್ ಶುರು ಮಾಡಬಹುದು ಅಂತ ಪತ್ರ ಬರೆದುಕೊಟ್ಟರು. ಮನಸ್ಸು ತೀರಾ ಕುಗ್ಗಿ, ಮಾತಾಡಲು ಯಾರೂ ಇಲ್ಲ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪತ್ರ ಹಿಡಿದುಕೊಂಡು ಬೆಂಗಳೂರಿನಲ್ಲಿ ಒಬ್ಬರು ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೋದೆ. ನಮ್ಮ ಕಡೆ ಇವರನ್ನು ಶುಗರ್, ಥೈರಾಯ್ಡ್ ಡಾಕ್ಟರ್ ಅಂತಲೇ ಕರೆಯುತ್ತಾರೆ. ಅವರು ಅವತ್ತೇ ಮಾತ್ರೆ ಬರೆಯಲಿಲ್ಲ. ಲಿವರ್, ಕಿಡ್ನಿ, ಪೊಟ್ಯಾಸಿಯಂ, ಶುಗರ್, ಕೊಬ್ಬು, ಹಿಮೋಗ್ಲೋಬಿನ್, ಪ್ರೊಲ್ಯಾಕ್ಟಿನ್, ಜೊತೆಗೆ ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನ್, ಹೆಣ್ಣು ಹಾರ್ಮೋನ್ ಎಸ್ಟ್ರಡಿಯಾಲ್, ಇಷ್ಟೂ ಪರೀಕ್ಷೆ ಬರೆದರು. ಮನೆಯಲ್ಲಿ ಯಾರಿಗಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಚಿಕ್ಕ ವಯಸ್ಸಿಗೇ ಸ್ಟ್ರೋಕ್ ಆಗಿತ್ತಾ ಅಂತ ಕೇಳಿದರು. ಇನ್ನೊಂದು ಕೇಳಿದರು, "ಮುಂದೆ ನಿನ್ನದೇ ಮಗು ಬೇಕು ಅನಿಸಬಹುದಾ?" ಚಿಕಿತ್ಸೆ ಶುರುವಾದ ಮೇಲೆ ವೀರ್ಯ ಉತ್ಪತ್ತಿ ಕುಗ್ಗುತ್ತದೆ. ನಿಲ್ಲಿಸಿದರೂ ಮೊದಲಿನಂತೆ ಆಗುತ್ತದೆ ಅನ್ನುವ ಖಾತ್ರಿ ಇಲ್ಲ. ಬೇಕಿದ್ದವರು ಮೊದಲೇ ಶೇಖರಿಸಿ ಇಡಿಸಬೇಕು. ನಾನು ಬೇಡ ಅಂದೆ. ಆದರೆ ಆ ಪ್ರಶ್ನೆಗೆ ಒಂದು ರಾತ್ರಿ ಪೂರ್ತಿ ಕೊಡಿ. ಡಾಕ್ಟರ್ ಕೇಳದಿದ್ದರೆ ನೀವೇ ಎತ್ತಿ.

ರಿಪೋರ್ಟ್ ನೋಡಿದ ಮೇಲೆ ಎರಡು ಮಾತ್ರೆ ಬರೆದರು. ಒಂದು ಎಸ್ಟ್ರಡಿಯಾಲ್ ವ್ಯಾಲರೇಟ್. ಒಳಗೆ ಹೋದ ಮೇಲೆ ಹೆಣ್ಣಿನ ದೇಹ ತಾನೇ ತಯಾರಿಸುವ ಎಸ್ಟ್ರಡಿಯಾಲ್ ಆಗುತ್ತದೆ. ಇನ್ನೊಂದು ಸ್ಪೈರೊನೊಲ್ಯಾಕ್ಟೋನ್, ಗಂಡು ಹಾರ್ಮೋನಿನ ಕೆಲಸಕ್ಕೆ ಅಡ್ಡ ನಿಲ್ಲುವಂಥದ್ದು. ಕೆಲವರಿಗೆ ಇದರ ಬದಲು ಸೈಪ್ರೊಟೆರೋನ್ ಕೊಡುತ್ತಾರೆ. ಅದನ್ನು ಆದಷ್ಟು ಕಡಿಮೆ ಪ್ರಮಾಣದಲ್ಲೇ ತಗೋಬೇಕು. ಹೆಚ್ಚು ಪ್ರಮಾಣ, ಹೆಚ್ಚು ವರ್ಷ ಆದರೆ ಮಿದುಳಿನ ಹೊದಿಕೆಯಲ್ಲಿ ಮೆನಿಂಜಿಯೋಮ ಅನ್ನುವ ಗೆಡ್ಡೆ ಬೆಳೆಯುವ ಅಪಾಯ ಏರುತ್ತದೆ. ನನಗೆ ಎಷ್ಟು ಮಿಲಿಗ್ರಾಂ ಬರೆದರು ಅಂತ ಬೇಕೆಂದೇ ಹೇಳುತ್ತಿಲ್ಲ. ನನ್ನ ಕಿಡ್ನಿ, ನನ್ನ ಬಿಪಿ ನೋಡಿ ಕೊಟ್ಟ ಲೆಕ್ಕ ನಿಮಗೆ ಹೊಂದುತ್ತದೆ ಅಂತ ಏನೂ ಇಲ್ಲ.

ಸ್ಪೈರೊನೊಲ್ಯಾಕ್ಟೋನ್ ಬಗ್ಗೆ ನಮ್ಮ ಜಿಲ್ಲೆಯವರಿಗೆ ಬೇರೆಯಾಗಿಯೇ ಹೇಳಬೇಕು. ಅದು ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತದೆ. ಜಾಸ್ತಿಯಾದರೆ ಹೃದಯದ ಬಡಿತ ತಪ್ಪುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ನಮ್ಮದು ಅರಸೀಕೆರೆ ಕಡೆ, ಮನೆ ಹಿಂದೆಯೇ ತೋಟ. ಊರಿಗೆ ಹೋದರೆ ಅಮ್ಮ ಮೊದಲು ಕೊಚ್ಚಿ ಕೈಗೆ ಕೊಡುವುದೇ ಎಳನೀರು. "ತಂಪಲ್ವಾ ಮಗಾ, ಕುಡಿದ್ರೆ ಏನಾಗ್ತದೆ?" ಅಂದರು. ವಿಷಯ ಬಿಡಿಸಿ ಹೇಳಿದೆ. ಅಪರೂಪಕ್ಕೆ ಒಂದು ಪರವಾಗಿಲ್ಲ, ದಿನಾ ಬೇಡ ಅಂತ ಡಾಕ್ಟರ್ ಹೇಳಿದ್ದರು. ಬಿಪಿಯವರಿಗೆ ಅಂತ ಮಾರುವ ಸೋಡಿಯಂ ಕಡಿಮೆ ಇರುವ ಉಪ್ಪೂ ಬೇಡ, ಅದರಲ್ಲಿ ಸೋಡಿಯಂ ಜಾಗಕ್ಕೆ ಹಾಕುವುದು ಪೊಟ್ಯಾಸಿಯಂ. ನನ್ನ ಚಿಕಿತ್ಸೆಯ ಬಗ್ಗೆ ಅಮ್ಮ ಬಾಯಿ ಬಿಟ್ಟು ಏನೂ ಮಾತಾಡಿದವರಲ್ಲ. ಆದರೆ ಅವತ್ತಿನಿಂದ ಪ್ರತಿ ರಿಪೋರ್ಟ್ ಬಂದಾಗ ಫೋನ್ ಮಾಡಿ, "ಆ ಪೊಟ್ಯಾಸಿಯಂ ಎಷ್ಟು ಬಂತು?" ಅಂತ ಕೇಳುತ್ತಾರೆ. 5ರ ಒಳಗಿದೆ ಅಂದರೆ ಅವರಿಗೆ ನಿದ್ದೆ.

ಈ ಮಾತ್ರೆಗೆ ಮೂತ್ರವೂ ಜಾಸ್ತಿ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಇದೇ ದೊಡ್ಡ ಸಂಕಟ. ಹೋಟೆಲ್ ಮುಂದೆ ನಿಲ್ಲಿಸಿದಾಗ ಗಂಡಸರ ಬಾಗಿಲಿಗೆ ಹೋಗಲಾ, ಹೆಂಗಸರ ಬಾಗಿಲಿಗೆ ಹೋಗಲಾ? ಎರಡೂ ಕಡೆ ದಿಟ್ಟಿಸಿ ನೋಡುವವರು ಇರುತ್ತಾರೆ. ಎಷ್ಟೋ ಜನ ಈ ಭಯಕ್ಕೆ ನೀರೇ ಕುಡಿಯುವುದಿಲ್ಲ. ಈ ಮಾತ್ರೆ ತಗೊಂಡು ನೀರು ಬಿಟ್ಟರೆ ಬಿಪಿ ಇಳಿದು ತಲೆ ಸುತ್ತುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ನಾನು ರೈಲು ಹಿಡಿಯುತ್ತೇನೆ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ಲೈನ್ 2017ರಲ್ಲಿ ಶುರುವಾಯಿತಲ್ಲ, ಅದು. ರೈಲಿನ ಶೌಚಾಲಯದ ಬಾಗಿಲ ಮೇಲೆ ಗಂಡು, ಹೆಣ್ಣು ಅಂತ ಬರೆದಿರುವುದಿಲ್ಲ.

ಈಗ ರಿಪೋರ್ಟ್ ಓದುವ ವಿಷಯ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಹಾಸನದಲ್ಲೇ ರಕ್ತ ಕೊಟ್ಟು ರಿಪೋರ್ಟ್ ಮೊಬೈಲಿನಲ್ಲಿ ಕಳಿಸುತ್ತೇನೆ. ನನ್ನ ಮೊದಲ ರಿಪೋರ್ಟಿನಲ್ಲಿ ಎಸ್ಟ್ರಡಿಯಾಲ್ ಪಕ್ಕ ದಪ್ಪಕ್ಷರದಲ್ಲಿ "ಹೈ", ಟೆಸ್ಟೋಸ್ಟಿರೋನ್ ಪಕ್ಕ "ಲೋ", ಹಿಮೋಗ್ಲೋಬಿನ್ ಪಕ್ಕವೂ "ಲೋ". ಕೌಂಟರಿನ ಹುಡುಗ ಗಾಬರಿಯಾಗಿ, "ಬೇಗ ಡಾಕ್ಟರಿಗೆ ತೋರಿಸಿ" ಅಂದ. ತಪ್ಪು ಅವನದಲ್ಲ. ಆಧಾರ್ ಕಾರ್ಡಿನಲ್ಲಿ ಆಗ ಗಂಡು ಅಂತ ಇತ್ತು, ಕಂಪ್ಯೂಟರ್ ಗಂಡಸಿನ ಅಳತೆಗೆ ಹೋಲಿಸಿತ್ತು. ಚಿಕಿತ್ಸೆಯಲ್ಲಿ ಡಾಕ್ಟರುಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಎಂದರೆ ಎಸ್ಟ್ರಡಿಯಾಲ್ 100ರಿಂದ 200 ಪಿಕೊಗ್ರಾಂ, ಟೆಸ್ಟೋಸ್ಟಿರೋನ್ 50 ನ್ಯಾನೊಗ್ರಾಂಗಿಂತ ಕಡಿಮೆ. ಮೊದಲನೆಯದು ಒಂದು ಮಿಲಿಲೀಟರ್ ರಕ್ತದ ಲೆಕ್ಕ, ಎರಡನೆಯದು ಒಂದು ಡೆಸಿಲೀಟರಿನದು. ಅಂದರೆ ನನ್ನ "ಹೈ" ಮತ್ತು "ಲೋ" ಎರಡೂ ಬೇಕಾದ ಹಾದಿಯಲ್ಲೇ ಇದ್ದವು. ಟೆಸ್ಟೋಸ್ಟಿರೋನ್ ಇಳಿದಾಗ ಹಿಮೋಗ್ಲೋಬಿನ್ ಕೂಡ ಹೆಂಗಸರ ಮಟ್ಟಕ್ಕೆ ಬರುತ್ತದೆ. ಹಾಗಾಗಿ ರಿಪೋರ್ಟ್ ನೋಡಿ ನೀವೇ ಮಾತ್ರೆ ನಿಲ್ಲಿಸಬೇಡಿ, ನೀವೇ ಏರಿಸಲೂಬೇಡಿ. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಅದು ಕೆಲವು ಹಾರ್ಮೋನ್ ಪರೀಕ್ಷೆಗಳ ಅಂಕಿಯನ್ನು ಕೆಡಿಸುತ್ತದೆ, ಕೆಲವು ದಿನ ಮುಂಚೆ ಬಿಡಲು ಹೇಳುತ್ತಾರೆ.

ಮೈಯಲ್ಲಿ ಏನಾಯಿತು ಅಂತ ಎಲ್ಲರಿಗೂ ಕುತೂಹಲ. ಮೊದಲು ಚರ್ಮ ಮೆತ್ತಗಾಯಿತು, ಬೆವರಿನ ವಾಸನೆ ಬದಲಾಯಿತು. ನಿಮಿರುವುದು ಕಡಿಮೆಯಾಯಿತು, ನನಗೆ ಅದು ನೆಮ್ಮದಿ. ಆಮೇಲೆ ಒಂದು ಬೆಳಗ್ಗೆ ಸ್ನಾನ ಮಾಡುವಾಗ ಎಡ ಮೊಲೆತೊಟ್ಟಿನ ಕೆಳಗೆ ಹುಣಸೆಬೀಜದಷ್ಟು ಗಟ್ಟಿ ಸಿಕ್ಕಿತು. ಮುಟ್ಟಿದರೆ ನೋವು. ಬಲಗಡೆ ಇನ್ನೂ ಏನೂ ಇರಲಿಲ್ಲ. ಬಚ್ಚಲಲ್ಲೇ ನಿಂತು ಜೋರಾಗಿ ನಕ್ಕೆ, ಖುಷಿಗೆ. ಎದೆ ಬೆಳೆಯಲು ಶುರುವಾಗುವುದು ಮೂರರಿಂದ ಆರು ತಿಂಗಳಿಗೆ, ಪೂರ್ತಿಯಾಗಲು ಎರಡು ಮೂರು ವರ್ಷ ಬೇಕು. ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಆಗುವುದು ಸಹಜ. ಧ್ವನಿ ಮಾತ್ರ ಮಾತ್ರೆಯಿಂದ ಬದಲಾಗುವುದಿಲ್ಲ, ಅದಕ್ಕೆ ಅಭ್ಯಾಸ ಬೇಕು. ಗಡ್ಡವೂ ಹೋಗುವುದಿಲ್ಲ, ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ಮಾಡಿಸಬೇಕು.

ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಸಿಗದಿದ್ದರೆ, ಎದೆ ಹಿಡಿದುಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಈಸ್ಟ್ರೋಜೆನ್, ಅಂದರೆ ಹೆಣ್ಣು ಹಾರ್ಮೋನ್, ತಗೊಳ್ಳುತ್ತಿದ್ದೇನೆ ಅಂತ ಮೊದಲೇ ಹೇಳಿ. ನಾಚಿಕೆಗೆ ಮುಚ್ಚಿಟ್ಟರೆ ಡಾಕ್ಟರ್ ಬೇರೆ ಏನನ್ನೋ ಹುಡುಕುತ್ತಾ ಕೂರುತ್ತಾರೆ.

ಕೊನೆಯದಾಗಿ ಮೆಡಿಕಲ್ ಶಾಪ್. ಮೊದಮೊದಲು ಅಂಗಡಿಯವರು, "ಯಾರಿಗೆ ಇದು, ಮನೆಯವರಿಗಾ?" ಅಂತ ಕೇಳುತ್ತಿದ್ದರು. ದಿನಕ್ಕೊಂದು ಅಂಗಡಿ ಬದಲಾಯಿಸುವುದು ನನಗೆ ಸಾಕಾಯಿತು. ಒಂದು ಅಂಗಡಿಯಲ್ಲಿ ಜನ ಕಡಿಮೆ ಇದ್ದ ಹೊತ್ತು ನೋಡಿ ಚೀಟಿ ಮುಂದಿಟ್ಟು, "ಅಣ್ಣಾ, ನನಗೇ. ಪ್ರತಿ ತಿಂಗಳು ಬೇಕು" ಅಂದೆ. ಆತ ಒಂದು ಕ್ಷಣ ನೋಡಿ, "ಸರಿ, ನಂಬರ್ ಕೊಟ್ಟಿರಿ, ಸ್ಟಾಕ್ ಬಂದ ಕೂಡಲೇ ಹೇಳ್ತೀನಿ" ಅಂದರು. ಎಸ್ಟ್ರಡಿಯಾಲ್ ನಮ್ಮಲ್ಲಿ ಆಗಾಗ ಖಾಲಿಯಾಗುತ್ತದೆ. ಹಾಗಾಗಿ ಕೈಯಲ್ಲಿ ಯಾವಾಗಲೂ ಒಂದು ತಿಂಗಳಿನದು ಹೆಚ್ಚಿಗೆ ಇರಲಿ, ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಬೆಂಗಳೂರಿಗೆ ಹೋಗುವ ಮುಂಚೆ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಒಂದೇ ಫೈಲಿಗೆ ಹಾಕಿಕೊಳ್ಳಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.